ಮಲೆನಾಡಿನಲ್ಲಿ ಹಳೆಯ ರೋಲ್ಸ್ ರಾಯ್ಸ್ ಕಾರ್ನಿಶ್ ಕಾರು ಕೊಳ್ಳುವುದಾದರೆ ಮಳೆಗಾಲದಲ್ಲಿ ನೋಡಿ

“ಜೋಪಾನವಾಗಿ ಇಟ್ಟ ಗಾಡಿ, ಓಡಿದ್ದೇ ಕಡಿಮೆ” ಎಂಬ ಮಾತು ಹಳೆಯ ಕಾರು ಮಾರುವ ಎಲ್ಲರ ಬಾಯಲ್ಲೂ ಇರುತ್ತದೆ. ಬಯಲುಸೀಮೆಯಲ್ಲಿ ಅದಕ್ಕೆ ಬೆಲೆ ಕೊಡಬಹುದು. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ತೋಟದ ಶೆಡ್ಡಿನಲ್ಲಿ ನಿಂತ ಗಾಡಿಗೆ ಕಡಿಮೆ ಓಡಿದ್ದೇ ರೋಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಗೆ ಸೇರಿದ ತೇವ ಹೊರಗೆ ಹೋಗುವುದೇ ಇಲ್ಲ. ಬಟ್ಟೆಯ ಹುಡ್, ಅಂದರೆ ಮಡಚುವ ಚಾವಣಿ, ಇರುವ ಕಾರಾದರೆ ಇನ್ನೂ ಕಷ್ಟ. ಹಾಗಾಗಿ ಮೀಟರ್ ಓದುವ ಮೊದಲು ನೀರು ಎಲ್ಲಿ ನಿಂತಿತ್ತು ಎಂದು ಹುಡುಕಿ. ಸಾಧ್ಯವಾದರೆ ಜುಲೈನಲ್ಲೇ ಹೋಗಿ ನೋಡಿ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಸೋರುವ ಕಾರೂ ಒಣಗಿಯೇ ಇರುತ್ತದೆ.

ರೋಲ್ಸ್ ರಾಯ್ಸ್ ಕಾರ್ನಿಶ್ ಬಂದದ್ದು 1971ರಲ್ಲಿ. ಅಡಿಪಾಯ ಅದೇ ಕಂಪನಿಯ ಸಿಲ್ವರ್ ಶ್ಯಾಡೋ ಕಾರಿನದ್ದು, ಎರಡು ಬಾಗಿಲಿನ ಬಾಡಿ ಕಾರಿನ ಬಾಡಿ ಕಟ್ಟುವ ಮುಲ್ಲಿನರ್ ಪಾರ್ಕ್ ವಾರ್ಡ್‌ನವರದ್ದು. 6750 ಸಿಸಿಯ ವಿ8 ಎಂಜಿನ್, ಜನರಲ್ ಮೋಟಾರ್ಸ್‌ನ ಮೂರು ಗೇರಿನ ಆಟೋಮ್ಯಾಟಿಕ್, ತೂಕ ಎರಡು ಟನ್ನಿಗೂ ಮೇಲೆ. ಇದೇ ಕಾರಿನ ಬೆಂಟ್ಲಿ ರೂಪಕ್ಕೆ 1984ರಿಂದ ಕಾಂಟಿನೆಂಟಲ್ ಎಂಬ ಹೆಸರು. ಇಲ್ಲಿ ಹೇಳುವುದು ಎರಡಕ್ಕೂ ಸಲ್ಲುತ್ತದೆ.

ಹೋಗುವಾಗ ಒಂದು ಟಾರ್ಚ್, ಫ್ರಿಜ್ಜಿಗೆ ಅಂಟಿಸುವಂಥ ಸಣ್ಣ ಮ್ಯಾಗ್ನೆಟ್, ಹಳೆಯ ಪಂಚೆಯ ತುಂಡು, ಸೂಜಿಯಿಲ್ಲದ ಸಿರಿಂಜ್, ಎರಡು ಗಾಜಿನ ಲೋಟ, ಐದು ಲೀಟರ್ ನೀರು ಜೊತೆಗಿರಲಿ.

ಹುಡ್

ಕಾರು ನಿಂತಿರುವಾಗ, ಎಂಜಿನ್ ಚಾಲೂ ಇಟ್ಟು, ಹುಡ್ಡನ್ನು ಪೂರ್ತಿ ಇಳಿಸಿ ಮತ್ತೆ ಏರಿಸಲು ಹೇಳಿ. ಎರಡೂ ಬದಿ ಒಂದೇ ಸಮ ಏಳಬೇಕು. ಒಂದು ಬದಿ ಹಿಂದೆ ಬಿದ್ದರೆ ಆ ಬದಿಯ ಹೈಡ್ರಾಲಿಕ್ ಸಿಲಿಂಡರ್ ಸೋರುತ್ತಿದೆ ಎಂದರ್ಥ. ಹಿಂದಿನ ಸೀಟಿನ ಪಕ್ಕದ ಟ್ರಿಮ್ ಮೇಲೆ ಎಣ್ಣೆಯ ಕಲೆ ಸಿಗುತ್ತದೆ. ಹುಡ್ ಏಳುವಾಗ ಕೈಹಾಕಿ ಎತ್ತಿಕೊಡುವ ಅಭ್ಯಾಸ ಮಾಲೀಕರಿಗೆ ಇದ್ದರೆ, ಒಳಗಿನ ಚೌಕಟ್ಟು ಸೊಟ್ಟಗಾಗಿರುವ ಸಂಭವ ಹೆಚ್ಚು.

ಹುಡ್ ಹಾಕಿದ ಮೇಲೆ ಮುಂದಿನ ಗಾಜಿನ ಮೇಲಂಚಿಗೆ ಚೊಂಬಿನಿಂದ ನಿಧಾನವಾಗಿ ನೀರು ಸುರಿಯಿರಿ. ಆಮೇಲೆ ಬಾಗಿಲ ಗಾಜಿನ ಹಿಂದಿನ ಮೂಲೆಗೆ, ಕೊನೆಗೆ ಹಿಂದಿನ ಕಿಟಕಿಯ ಸುತ್ತ. ಪ್ರತಿ ಜಾಗಕ್ಕೂ ಒಂದು ಲೀಟರ್ ಸಾಕು. ಒಬ್ಬರು ಒಳಗೆ ಕೂತು ಪಂಚೆ ತುಂಡನ್ನು ಅಂಚಿನ ಉದ್ದಕ್ಕೂ ಒತ್ತುತ್ತ ಬರಲಿ. ಬಟ್ಟೆಯ ಮೇಲೆ ಒದ್ದೆ ಕಂಡಲ್ಲಿ ರಬ್ಬರು ಸತ್ತಿದೆ. ರಬ್ಬರು ಬದಲಿಸುವುದು ಸುಲಭ. ವರ್ಷಗಟ್ಟಲೆ ಅದೇ ಜಾಗದಿಂದ ಇಳಿದ ನೀರು ಮಾಡಿದ ಹಾಳನ್ನು ಸರಿಮಾಡುವುದೇ ಕಷ್ಟ. ಅದನ್ನು ನೋಡಲು ಕಾರ್ಪೆಟ್ ಎತ್ತಿ ಕೆಳಗಿನ ದಪ್ಪ ಪ್ಯಾಡನ್ನು ಬೆರಳಲ್ಲಿ ಹಿಂಡಿ. ಮೇಲಿನ ಉಣ್ಣೆ ಒಣಗಿದ್ದರೂ ಪ್ಯಾಡ್ ತಿಂಗಳುಗಟ್ಟಲೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ಅದರ ಕೆಳಗೆ ನೆಲದ ತಗಡು ಸದ್ದಿಲ್ಲದೆ ತಿಂದುಹೋಗುತ್ತದೆ. ಡಿಕ್ಕಿಯ ಹಾಸನ್ನೂ ಹೀಗೇ ಎತ್ತಿ ನೋಡಿ. ಕಾರಿನೊಳಗೆ ಸುಗಂಧ ಜೋರಾಗಿದ್ದರೆ ಗಾಜು ಏರಿಸಿ ಹತ್ತು ನಿಮಿಷ ಒಳಗೇ ಕೂತಿರಿ, ಬೂಷ್ಟಿನ ವಾಸನೆ ತಾನಾಗಿ ಮೇಲೆ ಬರುತ್ತದೆ.

ತಗಡು

ಮ್ಯಾಗ್ನೆಟ್ ಬಾಗಿಲಿಗೆ, ಬಾನೆಟ್ಟಿಗೆ, ಡಿಕ್ಕಿ ಮುಚ್ಚಳಕ್ಕೆ ಅಂಟುವುದಿಲ್ಲ. ಗಾಬರಿ ಬೇಡ, ಅವು ಅಲ್ಯೂಮಿನಿಯಂ. ಉಳಿದದ್ದು ಉಕ್ಕು. ಅಲ್ಲಿ ಬಟ್ಟೆ ಅಡ್ಡ ಇಟ್ಟರೂ ಮ್ಯಾಗ್ನೆಟ್ ಹಿಡಿಯಬೇಕು. ಜಾರಿ ಬಿದ್ದಲ್ಲಿ ಬಣ್ಣದ ಕೆಳಗೆ ಪುಟ್ಟಿ ತುಂಬಿದ್ದಾರೆ. ಮುಖ್ಯವಾಗಿ ಬಾಗಿಲ ಕೆಳಗಿನ ಸಿಲ್, ಹಿಂದಿನ ಚಕ್ರದ ಕಮಾನು, ಮುಂದಿನ ಚಕ್ರದ ಹಿಂಬದಿಯ ಕೆಳಮೂಲೆ ನೋಡಿ. ಚಕ್ರದ ಕಮಾನಿನೊಳಗೆ ಕೈ ಹಾಕಿದರೆ ತೋಟದ ಕೆಂಪು ಮಣ್ಣು, ತರಗೆಲೆ ಸಿಕ್ಕೇ ಸಿಗುತ್ತದೆ, ಅದು ಹತ್ತಿಯಂತೆ ನೀರು ಕುಡಿದು ಕೂತಿರುತ್ತದೆ. ಅಲ್ಯೂಮಿನಿಯಂ ಉಕ್ಕಿಗೆ ತಾಗುವ ಕಡೆ, ಬಾಗಿಲ ಕೆಳಂಚಿನಲ್ಲಿ, ಬಣ್ಣ ಗುಳ್ಳೆಯೆದ್ದು ಒಳಗೆ ಬಿಳಿ ಪುಡಿ ಕಂಡರೆ ಅದೂ ತುಕ್ಕಿನ ಜಾತಿಯೇ. ಎರಡು ಲೋಹಗಳ ನಡುವೆ ತೇವ ನಿಂತಾಗ ಅಲ್ಯೂಮಿನಿಯಂ ಕರಗುತ್ತದೆ. ಬಾಗಿಲ ತಳದ ನೀರಿನ ತೂತುಗಳು ತೆರೆದಿವೆಯೇ ಎಂದು ಕಡ್ಡಿ ಹಾಕಿ ನೋಡಿ.

ಮೇಲೆ ಲೋಹದ ಚಾವಣಿ ಇಲ್ಲದ ಕಾರಿನ ಬೆನ್ನುಮೂಳೆ ಅಂದರೆ ಸಿಲ್ ಮತ್ತು ನೆಲ. ಅದಕ್ಕೊಂದು ಪರೀಕ್ಷೆ ಇದೆ. ಬಾಗಿಲು ಮುಚ್ಚಿದಾಗ ಹಿಂದಿನ ಸಂದು ಎಷ್ಟಿದೆ ನೋಡಿಕೊಳ್ಳಿ, ಜ್ಯಾಕ್ ಹಾಕುವ ಜಾಗದಲ್ಲೇ ಹಾಕಿ ಒಂದು ಮುಂದಿನ ಚಕ್ರ ಎತ್ತಿ, ಈಗ ಬಾಗಿಲು ತೆಗೆದು ಮುಚ್ಚಿ. ಬಾಗಿಲು ಕಚ್ಚಿಕೊಂಡರೆ ಅಥವಾ ಸಂದು ಕಿರಿದಾದರೆ ಸಿಲ್ ಬಲ ಕಳೆದುಕೊಂಡಿದೆ. ಅಂಥ ಕಾರನ್ನು ಬಿಟ್ಟುಬಿಡಿ, ಮೇಲಿನ ಬಣ್ಣ ಎಷ್ಟೇ ಹೊಳೆಯುತ್ತಿರಲಿ. ಅಡಿಯಲ್ಲಿ ಹೊಸದಾಗಿ ಕರಿ ಕೋಟಿಂಗ್ ಬಳಿದಿದ್ದರೆ ಕೋಟಿಂಗ್ ಮಾಡುವ ಮೊದಲಿನ ಫೋಟೋ ಕೇಳಿ.

ಬ್ರೇಕ್: ಇಲ್ಲಿ ಅವಸರ ಬೇಡ

ಮಾಮೂಲಿ ಕಾರಿನಂತೆ ಇದಕ್ಕೆ ಪೆಡಲಿನ ಒತ್ತಿಗೆ ಬಲ ಕೂಡಿಸುವ ವ್ಯಾಕ್ಯೂಮ್ ಬೂಸ್ಟರ್ ಇಲ್ಲ. ಎಂಜಿನ್ನಿನ ಕ್ಯಾಮ್‌ಶಾಫ್ಟ್ ನಡೆಸುವ ಎರಡು ಪಂಪುಗಳು ಎಣ್ಣೆಯನ್ನು ಭಾರೀ ಒತ್ತಡಕ್ಕೆ ಏರಿಸಿ, ನೈಟ್ರೋಜನ್ ತುಂಬಿದ ಎರಡು ಅಕ್ಯುಮುಲೇಟರ್‌ಗಳಲ್ಲಿ ಕೂಡಿಡುತ್ತವೆ. ಸಿಟ್ರೋಯೆನ್‌ನಿಂದ ಲೈಸೆನ್ಸ್ ಪಡೆದ ತಂತ್ರ ಇದು. ಹಿಂಬದಿಯ ಎತ್ತರ ಸರಿದೂಗಿಸುವುದೂ ಇದೇ ಎಣ್ಣೆ.

ಎಲ್ಲಕ್ಕಿಂತ ದುಬಾರಿ ತಪ್ಪು ಈ ಎಣ್ಣೆಯಲ್ಲಿ ಆಗುತ್ತದೆ. 1970ರ ದಶಕದ ಬಹುತೇಕ ಕಾರುಗಳಿಗೆ ಆರ್‌ಆರ್363 ಎಂಬ ಗ್ಲೈಕಾಲ್ ಜಾತಿಯ ದ್ರವ. ಆಮೇಲಿನವಕ್ಕೆ ಹಸಿರು ಬಣ್ಣದ ಮಿನರಲ್ ಆಯಿಲ್. ಯಾವುದು ಬೇಕೆಂದು ಈ ಎಣ್ಣೆಯ ಟ್ಯಾಂಕಿನ ಮೇಲಿನ ಲೇಬಲ್ಲೇ ಹೇಳುತ್ತದೆ. ಒಂದರ ಜಾಗಕ್ಕೆ ಇನ್ನೊಂದು ಬಿದ್ದರೆ ಒಳಗಿನ ರಬ್ಬರ್ ಸೀಲುಗಳೆಲ್ಲ ಕೆಡುತ್ತವೆ, ಇಡೀ ವ್ಯವಸ್ಥೆ ಬಿಚ್ಚಬೇಕಾಗುತ್ತದೆ. ಆರ್‌ಆರ್363 ಸಿಗಲಿಲ್ಲವೆಂದು ಅಂಗಡಿಯ ಮಾಮೂಲಿ ಬ್ರೇಕ್ ಎಣ್ಣೆ ಡಾಟ್ 3 ತುಂಬುವುದೂ ಸರಿಯಲ್ಲ. ಪಂಪು ಸವೆಯದಂತೆ ಆರ್‌ಆರ್363ಯಲ್ಲಿ ಜಾರಿಕೆಯ ಅಂಶ ಸೇರಿಸಿರುತ್ತಾರೆ.

ಒಳಗೆ ಏನಿದೆ ಎಂದು ಮಾಲೀಕರ ಮಾತಿನ ಮೇಲೆ ಬಿಡಬೇಡಿ. ಟ್ಯಾಂಕಿನ ಎರಡೂ ಭಾಗದಿಂದ ಸಿರಿಂಜಿನಲ್ಲಿ ಎರಡೆರಡು ಎಂಎಲ್ ತೆಗೆದು, ಬೇರೆ ಬೇರೆ ಲೋಟದ ನೀರಿಗೆ ಬಿಡಿ. ಗ್ಲೈಕಾಲ್ ಆದರೆ ನೀರಿನಲ್ಲಿ ಕರಗಿ ಮಾಯವಾಗುತ್ತದೆ. ಮಿನರಲ್ ಆಯಿಲ್ ಮೇಲೆ ತೇಲಿ ದುಂಡು ಪೊರೆಯಾಗಿ ನಿಲ್ಲುತ್ತದೆ. ಸ್ವಲ್ಪ ಕರಗಿ ಸ್ವಲ್ಪ ತೇಲಿದರೆ ಎರಡೂ ಬೆರೆತಿವೆ, ಅಂಥ ಕಾರನ್ನು ಅಲ್ಲಿಂದ ಒಂದಡಿಯೂ ಓಡಿಸಬೇಡಿ. ಗ್ಲೈಕಾಲ್ ಗಾಳಿಯ ತೇವ ಹೀರುವುದರಿಂದ ನಮ್ಮ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಹಾಗೆ ಬದಲಿಸಿದ ಬಿಲ್ಲುಗಳಿದ್ದರೆ ಅದೇ ಜೋಪಾನದ ನಿಜವಾದ ಸಾಕ್ಷಿ.

ಮುಂದೆ, ಎಂಜಿನ್ ಐದು ನಿಮಿಷ ಓಡಿಸಿ ಆರಿಸಿ. ಇಗ್ನಿಷನ್ ಮಾತ್ರ ಆನ್ ಮಾಡಿ ಬ್ರೇಕ್ ಪೆಡಲ್ ಒತ್ತುತ್ತ ಎಣಿಸಿ. ಇಪ್ಪತ್ತು ದಾಟಿದರೂ ಒತ್ತಡದ ಎಚ್ಚರಿಕೆ ದೀಪ ಹತ್ತದಿದ್ದರೆ ಅಕ್ಯುಮುಲೇಟರ್ ಚೆನ್ನಾಗಿದೆ. ಎಂಟು ಹತ್ತರೊಳಗೆ ಹತ್ತಿದರೆ ನೈಟ್ರೋಜನ್ ಖಾಲಿಯಾಗಿದೆ. ಒತ್ತಡ ಪೂರ್ತಿ ಇಳಿಸದೆ ಇದರ ಒಂದು ನಟ್ಟನ್ನೂ ಸಡಿಲಿಸಬಾರದು. ಆಮೇಲೆ ಹತ್ತು ಕಿಲೋಮೀಟರ್ ಓಡಿಸಿ ಬಂದು ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿಯಿರಿ. ಒಂದು ಮಾತ್ರ ಹೆಚ್ಚು ಬಿಸಿಯಿದ್ದರೆ ಆ ಕಡೆಯ ರಬ್ಬರ್ ಹೋಸ್ ಒಳಗೇ ಊದಿ ಎಣ್ಣೆ ಹಿಂದಕ್ಕೆ ಬರಲು ಬಿಡುತ್ತಿಲ್ಲ, ಇಲ್ಲವೇ ಕ್ಯಾಲಿಪರ್ ಜಾಮ್ ಆಗಿದೆ. ದೀಪ ಹತ್ತಿದ ಕಾರನ್ನು ಚಾರ್ಮಾಡಿ, ಶಿರಾಡಿ ಘಾಟಿಗೆ ಇಳಿಸುವ ಯೋಚನೆಯೇ ಬೇಡ.

ಎಂಜಿನ್, ಗೇರು

ಗಟ್ಟಿ ಎಂಜಿನ್, ಕೆಡಿಸುವುದು ಬರೀ ನೀರು. ಬ್ಲಾಕ್ ಅಲ್ಯೂಮಿನಿಯಂ, ಒಳಗಿನ ಲೈನರ್ ಎರಕದ ಕಬ್ಬಿಣ. ರೇಡಿಯೇಟರಿಗೆ ಬಾವಿ ನೀರು ಹೊಯ್ದವರ ಕಾರಿನಲ್ಲಿ ಹೋಸ್ ತುದಿಗಳಲ್ಲಿ ಬಿಳಿ ಹಿಟ್ಟು, ಒಳಗೆ ಕಂದು ಬಗ್ಗಡ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ ಇರಬೇಕು. ತಣ್ಣಗಿರುವಾಗಲೇ ಮುಚ್ಚಳ ತೆಗೆದು ನೋಡಿ, ಆಮೇಲೆ ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆಯ ಏರು ಹತ್ತಿಸಿ ಟೆಂಪರೇಚರ್ ಮುಳ್ಳನ್ನು ಗಮನಿಸಿ. ಶುರುವಿನಲ್ಲಿ ಟ್ಯಾಪೆಟ್ ಸದ್ದು ಕೆಲವು ಸೆಕೆಂಡು ಬಂದು ನಿಂತರೆ ತೊಂದರೆಯಿಲ್ಲ. ಬಿಸಿಯಾದ ಮೇಲೂ ಟಿಕ್ ಟಿಕ್ ಎನ್ನುತ್ತಿದ್ದರೆ ಆಯಿಲ್ ಒತ್ತಡ ನೋಡಿ. ಗೇರ್ ಆಯಿಲ್ ಕೆಂಪಗಿರಬೇಕು, ಸುಟ್ಟ ವಾಸನೆ ಇರಬಾರದು. ಗೇರ್ ಲಿವರ್ ವಿದ್ಯುತ್ತಿನಿಂದ ಕೆಲಸ ಮಾಡುವುದರಿಂದ ತೇವಕ್ಕೆ ಕಾಂಟ್ಯಾಕ್ಟ್‌ಗಳು ಕಿಲುಬು ಹಿಡಿದು ಕೈಕೊಡುತ್ತವೆ. ಎಲ್ಲ ಸ್ಥಾನಕ್ಕೂ ನಾಲ್ಕೈದು ಸಲ ಹಾಕಿ ನೋಡಿ.

ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇ. 20ರವರೆಗೆ ಎಥನಾಲ್ ಬೆರೆಸಿದ ಪೆಟ್ರೋಲು. ಹಳೆಯ ರಬ್ಬರ್ ಪೈಪು ಅದಕ್ಕೆ ಮೆತ್ತಗಾಗುತ್ತದೆ. ಕೊಂಡ ವಾರದಲ್ಲೇ ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗಿನ ಎಲ್ಲ ಪೈಪನ್ನೂ ಎಥನಾಲ್ ತಾಳುವಂಥದ್ದಕ್ಕೆ ಬದಲಿಸಿ.

ಕಾಗದ

ಆರ್‌ಸಿ ಹಾಸನದ ಕೆಎ-13, ಚಿಕ್ಕಮಗಳೂರಿನ ಕೆಎ-18, ಸಕಲೇಶಪುರದ ಕೆಎ-46 ಯಾವುದೇ ಇರಲಿ, ಛಾಸಿ ನಂಬರನ್ನು ಕಾರಿನ ಫಲಕದ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. 1970ರ ದಶಕದ, ಬಲಗಡೆ ಸ್ಟೇರಿಂಗಿನ ತೆರೆದ ಕಾರ್ನಿಶ್ ನಂಬರ್ ಡಿಆರ್‌ಎಚ್ ಎಂದು ಶುರುವಾಗುತ್ತದೆ. ಸಿಆರ್‌ಎಚ್ ಎಂದಿದ್ದರೆ ಅದು ಮುಚ್ಚಿದ ಕೂಪೆಯಾಗಿ ಹುಟ್ಟಿದ ಕಾರು, ಆಮೇಲೆ ಯಾರೋ ಚಾವಣಿ ಕತ್ತರಿಸಿದ್ದಾರೆ. ದೇಶದೊಳಗೆ ಹೇಗೆ ಬಂತು, ಕಸ್ಟಮ್ಸ್ ಸುಂಕ ಕಟ್ಟಿದ ಕಾಗದ ಇದೆಯೇ ಎಂದು ಕೇಳಿ. ವರ್ಗಾವಣೆಗೆ ಫಾರಂ 29 ಮತ್ತು 30. ಆರ್‌ಸಿಯಲ್ಲಿ ಹೆಸರಿರುವವರು ತೀರಿಕೊಂಡಿದ್ದರೆ ಮೊದಲು ವಾರಸುದಾರರು ಫಾರಂ 31ರಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಿ. ಪಾಲಾಗದ ಆಸ್ತಿಯ ಕಾರಾದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರ ಒಪ್ಪಿಗೆಯೂ ಬರಹದಲ್ಲಿರಲಿ. 50 ವರ್ಷ ದಾಟಿದ ಕಾರಿಗೆ 2021ರ ನಿಯಮದಂತೆ ‘ವಿಎ’ ಅಕ್ಷರವಿರುವ ವಿಂಟೇಜ್ ನೋಂದಣಿ ಮಾಡಿಸಬಹುದು, ಹತ್ತು ವರ್ಷಕ್ಕೆ 20,000 ರೂಪಾಯಿ. ಆದರೆ ಆಮೇಲೆ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲಿಗೆ ಬಿಟ್ಟು ದಿನನಿತ್ಯ ಓಡಿಸುವಂತಿಲ್ಲ.

ತಂದ ಮೇಲೆ

ಗೊಬ್ಬರದ ಮೂಟೆ ಇಡುವ ಗೋಡೌನಿನಲ್ಲಿ ನಿಲ್ಲಿಸಬೇಡಿ, ಯೂರಿಯಾ, ಪೊಟ್ಯಾಷ್ ಧೂಳು ತೇವದ ಜೊತೆ ಸೇರಿ ತಗಡು ತಿನ್ನುತ್ತದೆ. ಮಣ್ಣು ನೆಲ ಬೇಡ, ಸಿಮೆಂಟ್ ನೆಲವೇ ಬೇಕು. ಪ್ಲಾಸ್ಟಿಕ್ ಟಾರ್ಪಾಲು ಹೊದಿಸಿದರೆ ಒಳಗೆ ಬೆವರುತ್ತದೆ, ಹತ್ತಿ ಬಟ್ಟೆಯ ಕವರ್ ಹಾಕಿ. ಹುಡ್ ಯಾವಾಗಲೂ ಏರಿಸಿಯೇ ಇಡಿ. ಒದ್ದೆ ಹುಡ್ಡನ್ನು ಮಡಚಿದರೆ ಒಂದೇ ವಾರದಲ್ಲಿ ಮಡಿಕೆಗಳಲ್ಲಿ ಬೂಷ್ಟು ಬರುತ್ತದೆ. ಚರ್ಮದ ಸೀಟನ್ನು ಹಿಂಡಿದ ಬಟ್ಟೆ, ಮೃದು ಸೋಪಿನಿಂದ ಒರೆಸಿ ನೆರಳಿನಲ್ಲಿ ಒಣಗಿಸಿ. ಮಳೆಗಾಲದಲ್ಲೂ ಹೊಳವು ಸಿಕ್ಕ ದಿನ, ಹದಿನೈದು ದಿನಕ್ಕೊಮ್ಮೆಯಾದರೂ, ಬೇಲೂರು ರಸ್ತೆಯಲ್ಲಿ ಇಪ್ಪತ್ತೈದು ಕಿಲೋಮೀಟರ್ ಓಡಿಸಿ ಬನ್ನಿ. ಶೆಡ್ಡಿನಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸಿದರೆ ಸೈಲೆನ್ಸರಿನಲ್ಲೂ ಎಂಜಿನ್ ಆಯಿಲಿನಲ್ಲೂ ನೀರು ಕೂಡುತ್ತದೆ.