ಕರಾವಳಿಯ ಮನೆಗೆ ಒಣಹೂವಿನ ಅಲಂಕಾರ

ಮಂಗಳೂರು, ಉಡುಪಿಯ ಗಾಳಿಯಲ್ಲೇ ತೇವ. ಇಲ್ಲಿ ಹೂ ಒಣಗಿಸುವುದಕ್ಕಿಂತ ಒಣಗಿದ್ದನ್ನು ಉಳಿಸಿಕೊಳ್ಳುವುದೇ ಕಷ್ಟ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈ ಕೆಲಸಕ್ಕೆ ಒಳ್ಳೆಯ ಕಾಲ.

ಬಟನ್ ಹೂ, ಕೋಳಿಜುಟ್ಟು, ಭತ್ತದ ತೆನೆ ಬಣ್ಣ, ಆಕಾರ ಎರಡನ್ನೂ ಚೆನ್ನಾಗಿ ಉಳಿಸಿಕೊಳ್ಳುತ್ತವೆ. ಮಲ್ಲಿಗೆಯನ್ನು ಬಿಟ್ಟುಬಿಡಿ, ಕಂದಾಗುತ್ತದೆ. ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ಎಲೆ ತೆಗೆದು 8–10 ದಂಟುಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ. ಒಣಗುತ್ತ ದಂಟು ಸೊರಗುವುದರಿಂದ ನೂಲಿನ ಕಟ್ಟು ಸಡಿಲವಾಗಿ ಹೂ ಜಾರುತ್ತದೆ. ಗಾಳಿಯಾಡುವ ಕತ್ತಲೆಯ ಕೋಣೆಯಲ್ಲಿ ತಲೆಕೆಳಗಾಗಿ 2–3 ವಾರ ತೂಗುಹಾಕಿ. ದಂಟು ಬಾಗದೆ ಪಟ್ಟನೆ ಮುರಿದರೆ ಒಣಗಿದೆ ಎಂದರ್ಥ. ಕಟ್ಟು ದಪ್ಪವಾದರೆ ನಡುವಿನ ಹೂಗಳಿಗೆ ಬೂಷ್ಟು ಬರುತ್ತದೆ.

ಗುಲಾಬಿಗೆ ತೇವ ಹೀರುವ ಹರಳು, ಅಂದರೆ ಸಿಲಿಕಾ ಜೆಲ್ ಬೇಕು. ಗಾಳಿಯಾಡದ ಡಬ್ಬಿಯಲ್ಲಿ 2 ಸೆಂ.ಮೀ. ಹರಡಿ, ಹೂ ನಿಲ್ಲಿಸಿ, ಎಸಳುಗಳ ಸಂದಿಗೂ ಚಮಚದಿಂದ ನಿಧಾನವಾಗಿ ತುಂಬಿ ಮುಚ್ಚಿ. ಸುಮಾರು ಒಂದು ವಾರ ಸಾಕು. ಹೆಚ್ಚಾದರೆ ಎಸಳು ಪುಡಿಯಾಗುತ್ತದೆ. ಧೂಳು ಏಳುವುದರಿಂದ ಮಾಸ್ಕ್ ಹಾಕಿಕೊಳ್ಳಿ.

ಜೋಡಿಸಲು ಮಣ್ಣಿನ ಕುಡಿಕೆ, ಅಡಿಕೆ ಹಾಳೆಯ ತಟ್ಟೆ ಚೆಂದ. ಮೊದಲು ತೆನೆಗಳನ್ನು ಹರಡಿ, ಆಮೇಲೆ ಹೂಗಳನ್ನು ಬೆಸ ಸಂಖ್ಯೆಯಲ್ಲಿ ಸಿಕ್ಕಿಸಿ. ನೇರ ಬಿಸಿಲು, ಅಡುಗೆಮನೆಯ ಹಬೆ, ಪಡುಗಾಳಿ ಬಡಿಯುವ ಕಿಟಕಿ ಬೇಡ. ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ, ಎಲ್ಲವನ್ನೂ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಅಕ್ಟೋಬರ್‌ನಲ್ಲಿ ಹೊರತೆಗೆಯಿರಿ.