ಎಲೆಯ ಘಮ ಬೆಣ್ಣೆಗೆ ಇಳಿಸುವ ಹದ: ನನ್ನ ಅನುಭವ

ಬೆಣ್ಣೆಯಲ್ಲಿ ಕೊಬ್ಬು ಶೇ. 80ರ ಆಸುಪಾಸು. ಮಿಕ್ಕಿದ್ದರಲ್ಲಿ ಹೆಚ್ಚಿನದು ನೀರು, ಒಂದೆರಡು ಪಾಲು ಹಾಲಿನ ಗಸಿ. ಅಡುಗೆಗೆ ಬಳಸುವ ಪರಿಮಳದ ಎಲೆಗಳ ಘಮ ಇರುವುದು ಅವುಗಳೊಳಗಿನ ಎಣ್ಣೆಯಲ್ಲಿ. ಆ ಎಣ್ಣೆ ಕೊಬ್ಬಿನಲ್ಲಿ ಸಲೀಸಾಗಿ ಕರಗುತ್ತದೆ, ಹಾಗಾಗಿ ಘಮ ಹಿಡಿಸುವುದೇನೂ ಕಷ್ಟವಲ್ಲ. ಕೆಲಸ ಕೆಡುವುದು ಎಲೆಯಲ್ಲಿ ಉಳಿದ ನೀರಿನಿಂದ, ಇಲ್ಲವೇ ಒಲೆಯ ಮುಂದಿನ ಅವಸರದಿಂದ.

ರೋಸ್‌ಮರಿ, ಥೈಮ್, ಸೇಜ್, ಒರೆಗಾನೊ ಒರಟು ಎಲೆಗಳು, ಬಿಸಿ ತಾಳುತ್ತವೆ. ಬೇಸಿಲ್, ಕೊತ್ತಂಬರಿ, ಪುದೀನ, ಸಬ್ಬಸಿಗೆ ತಾಳುವುದಿಲ್ಲ. ಬಿಸಿ ಬೆಣ್ಣೆಗೆ ಬಿದ್ದರೆ ಕಪ್ಪಾಗಿ, ಬೆಂದ ಹುಲ್ಲಿನ ವಾಸನೆ ಬರುತ್ತದೆ. ಇವೆರಡಕ್ಕೂ ಬೇರೆ ಬೇರೆ ದಾರಿ.

ಮೊದಲು ಒರಟು ಎಲೆಗಳದ್ದು. ತೊಳೆದು, ಕೊಡವಿ, ಬಟ್ಟೆಯ ಮೇಲೆ ಹರಡಿ ಫ್ಯಾನ್ ಕೆಳಗೆ ಎರಡು ಗಂಟೆಯಾದರೂ ಬಿಡುತ್ತೇನೆ. ಮೇಲೆ ಒಣಗಿದಂತೆ ಕಂಡರೂ ರೋಸ್‌ಮರಿಯ ಸೂಜಿಯೆಲೆಗಳು ಕಡ್ಡಿಗೆ ಅಂಟಿಕೊಂಡಿರುವ ಬುಡದಲ್ಲಿ ಹನಿ ಅಡಗಿ ಕೂತಿರುತ್ತದೆ. ಕಡ್ಡಿಯನ್ನು ಟಿಶ್ಯೂ ಕಾಗದದ ನಡುವೆ ಇಟ್ಟು ಒತ್ತಿ ನೋಡಿ. ಕಾಗದ ಒದ್ದೆಯಾದರೆ ಇನ್ನೂ ಹೊತ್ತು ಬೇಕು.

250 ಗ್ರಾಂ ಉಪ್ಪಿಲ್ಲದ ಬೆಣ್ಣೆಗೆ 15 ಗ್ರಾಂ ಹಸಿ ಎಲೆ, ಒಣಗಿದ್ದಾದರೆ 5 ಗ್ರಾಂ. ರೋಸ್‌ಮರಿ, ಸೇಜ್ ಆದರೆ 10 ಗ್ರಾಂ ಹಸಿ ಎಲೆ ಸಾಕು, ಹೆಚ್ಚಾದರೆ ಕರ್ಪೂರದ ವಾಸನೆ ಹೊಡೆಯುತ್ತದೆ. ಎಲೆಯನ್ನು ಹೆಚ್ಚಬೇಡಿ, ಅಂಗೈಯಲ್ಲಿ ಒಮ್ಮೆ ಹಿಸುಕಿದರಾಯಿತು. ಹೆಚ್ಚಿದರೆ ಹಸಿರು ಪುಡಿ ಬಟ್ಟೆಯಿಂದಲೂ ನುಸುಳಿ ಬೆಣ್ಣೆ ಕಹಿಯಾಗುತ್ತದೆ.

ಕುದಿಯುವ ನೀರಿನ ಪಾತ್ರೆಯ ಮೇಲೆ, ತಳ ನೀರಿಗೆ ತಾಗದಂತೆ, ಇನ್ನೊಂದು ಪಾತ್ರೆ ಕೂರಿಸಿ ಬೆಣ್ಣೆ ಕರಗಿಸಿ. ಎಲೆ ಹಾಕಿ, ಉರಿ ಸಣ್ಣ ಮಾಡಿ, 70ರಿಂದ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿಡಿ. ಥರ್ಮಾಮೀಟರ್ ಇಲ್ಲದಿದ್ದರೆ ಬೆಣ್ಣೆಯನ್ನೇ ನೋಡಿ: ಮೇಲ್ಮೈ ಶಾಂತವಾಗಿರಬೇಕು, ಗುಳ್ಳೆ ಏಳಬಾರದು, ಸದ್ದಿರಬಾರದು. ಚಟಪಟ ಎಂದರೆ ಒಳಗಿನ ನೀರು ಕುದಿಯುತ್ತಿದೆ ಎಂದರ್ಥ, ಆ ಆವಿಯ ಜೊತೆ ಘಮವೂ ಹೋಗುತ್ತದೆ. ನೇರ ಉರಿಯ ಮೇಲಿಟ್ಟರೆ ನೀರು ಆರಿದ ಮೇಲೆ ಗಸಿ ಕಂದುತ್ತದೆ. ಆ ರುಚಿ ಕೆಟ್ಟದ್ದಲ್ಲ, ಆದರೆ ಎಲೆಯನ್ನು ಪೂರ್ತಿ ನುಂಗಿಬಿಡುತ್ತದೆ.

ತೆಳು ಹತ್ತಿ ಬಟ್ಟೆಯಲ್ಲಿ ಸೋಸಿ, ತಾನಾಗಿ ಇಳಿಯಲು ಬಿಡಿ. ಹಿಂಡಬೇಡಿ. ಹಿಂಡಿದರೆ ಸಿಗುವುದು ಎರಡು ಚಮಚ ಬೆಣ್ಣೆ, ಅದರ ಜೊತೆಗೆ ಎಲೆಯ ರಸ ಮತ್ತು ನೀರು.

ಬಹಳ ಮಂದಿ ಕೈಬಿಡುವುದು ಇಲ್ಲಿಂದ ಮುಂದೆ. ಸೋಸಿದ್ದನ್ನು ಹಾಗೇ ಫ್ರಿಜ್‌ಗೆ ಇಟ್ಟರೆ ಮೇಲೆ ಮರಳು ಮರಳಾದ ಹಳದಿ ಪದರ, ಅಡಿಯಲ್ಲಿ ಬಿಳಿ ನೀರು. ಕರಗಿದಾಗ ಬೆಣ್ಣೆಯ ಕೊಬ್ಬೂ ನೀರೂ ಬೇರೆಯಾಗುತ್ತವೆ, ಸುಮ್ಮನೆ ತಣಿದರೆ ಮತ್ತೆ ಕೂಡುವುದಿಲ್ಲ. ಪಾತ್ರೆಯನ್ನು ಐಸ್ ನೀರಲ್ಲಿಟ್ಟು ದಪ್ಪವಾಗುವ ತನಕ ಬಿಡದೆ ಕಲಕಿದರೆ ಸರಿಹೋಗುತ್ತದೆ. ನಾನು ಮೆಚ್ಚಿದ ದಾರಿ ಬೇರೆ: 250 ಗ್ರಾಂನಲ್ಲಿ 150 ಗ್ರಾಂ ಮಾತ್ರ ಕರಗಿಸಿ, ಎಲೆ ಮಾತ್ರ ಪೂರ್ತಿ ಅಳತೆಯದ್ದೇ ಹಾಕುತ್ತೇನೆ. ಮಿಕ್ಕ 100 ಗ್ರಾಂ ಹೊರಗಿಟ್ಟು ಮೆದುವಾಗಿಸುತ್ತೇನೆ. ಸೋಸಿದ ಬೆಣ್ಣೆ ಆರಿ, ಅಂಚಿನಲ್ಲಿ ಮಸುಕಾಗತೊಡಗಿದಾಗ ಅದನ್ನು ಸ್ವಲ್ಪ ಸ್ವಲ್ಪವೇ ಮೆದು ಬೆಣ್ಣೆಗೆ ಸುರಿದು ಕಡೆಯುತ್ತೇನೆ. ಬಿಸಿಯಿರುವಾಗ ಸುರಿದರೆ ಅದೂ ಕರಗಿ, ಶ್ರಮ ವ್ಯರ್ಥ. ಉಪ್ಪು ಬೇಕಿದ್ದರೆ ಈಗ 2–3 ಗ್ರಾಂ, ಪುಡಿ ಉಪ್ಪೇ ಆಗಲಿ. ಹರಳುಪ್ಪು ಕರಗದೆ ಹಲ್ಲಿಗೆ ಸಿಗುತ್ತದೆ.

ಮೆತ್ತನೆಯ ಎಲೆಗಳಿಗೆ ಒಲೆಯೇ ಬೇಡ. ಬೆರಳು ಒತ್ತಿದರೆ ಗುಳಿ ಬೀಳುವಷ್ಟು, ಆದರೆ ಹೊಳಪು ಬರದಷ್ಟು ಮೆದುವಾದ 100 ಗ್ರಾಂ ಬೆಣ್ಣೆಗೆ ಸಣ್ಣಗೆ ಹೆಚ್ಚಿದ ಎರಡು ದೊಡ್ಡ ಚಮಚ ಎಲೆ ಕಲಸಿ. ಚಾಕು ಹರಿತವಿರಲಿ. ಮೊಂಡು ಚಾಕು ಎಲೆಯನ್ನು ಜಜ್ಜುತ್ತದೆ, ಮಿಕ್ಸಿ ಇನ್ನೂ ಹೆಚ್ಚು, ಬೆಣ್ಣೆ ನೀರೊಡೆಯುತ್ತದೆ. ನಿಂಬೆ ಸಿಪ್ಪೆಯ ತುರಿ ಚೆನ್ನಾಗಿ ಹೊಂದುತ್ತದೆ, ರಸ ಬೇಡ. ಬಟರ್ ಪೇಪರಿನಲ್ಲಿ ಉರುಳೆ ಸುತ್ತಿ, ಎರಡು ತುದಿ ತಿರುಚಿ ಫ್ರಿಜ್‌ಗೆ ಇಡಿ.

ಹಸಿ ಬೆಳ್ಳುಳ್ಳಿ ಸೇರಿಸುವವರು ಇದನ್ನು ಗಮನವಿಟ್ಟು ಓದಬೇಕು. ಕೊಬ್ಬಿನಲ್ಲಿ ಹೂತ ಬೆಳ್ಳುಳ್ಳಿಗೂ ಎಲೆಗೂ ಗಾಳಿ ತಾಗದು. ಅಂಥ ಜಾಗದಲ್ಲೇ ಬೊಟುಲಿಸಂ ಎಂಬ, ಜೀವಕ್ಕೇ ಕುತ್ತಾಗಬಲ್ಲ ವಿಷಾಹಾರದ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು, ಅದರ ವಿಷ ವಾಸನೆಯಿಂದಲೂ ಬಣ್ಣದಿಂದಲೂ ಗೊತ್ತಾಗುವುದಿಲ್ಲ. ಆದ್ದರಿಂದ ಅಡುಗೆಮನೆಯ ಕಟ್ಟೆಯ ಮೇಲೆ ಬಿಡಲೇಬೇಡಿ. ಬೆಳ್ಳುಳ್ಳಿಯದ್ದಾಗಲಿ, ಎಲೆ ಉಳಿದದ್ದಾಗಲಿ ಫ್ರಿಜ್‌ನಲ್ಲಿ ನಾಲ್ಕು ದಿನ, ಸೋಸಿದ್ದು ಒಂದು ವಾರ. ಅದಕ್ಕಿಂತ ಹೆಚ್ಚಿಗೆ ಬೇಕೆಂದರೆ ಮಾಡಿದ ದಿನವೇ ಬಿಲ್ಲೆಗಳಾಗಿ ಕತ್ತರಿಸಿ, ದಿನಾಂಕ ಬರೆದು ಫ್ರೀಜರ್‌ಗೆ ಹಾಕಿ. ಮೂರು ತಿಂಗಳವರೆಗೆ ಘಮ ಚೆನ್ನಾಗಿರುತ್ತದೆ.

ಬಳಸುವಾಗ ಬಾಣಲೆಗೆ ಮೊದಲೇ ಹಾಕದೆ, ಒಲೆ ಆರಿಸಿದ ಮೇಲೆ ಬಿಲ್ಲೆಯನ್ನು ಅಡುಗೆಯ ಮೇಲಿಟ್ಟು ತಾನಾಗಿ ಕರಗಲು ಬಿಡಿ.