6 ಮಂದಿಯ ರಕ್ಷಣಾ ಇಲಾಖೆ: ನನ್ನ ಅನುಭವ

"ವಿಜಯಪುರದಲ್ಲಿ ಕೂತು ನೀವೇನು ಡಿಫೆಂಡ್ ಮಾಡ್ತೀರಿ?" ಅಂತ ನಕ್ಕವರು ಈಗ ನಮ್ಮ ಟೈಮಿಂಗ್ ಶೀಟ್ ಕೇಳುತ್ತಿದ್ದಾರೆ. ನೇಶನ್‌ಸ್ಟೇಟ್ಸ್ ಅಂದರೆ ಕಾಲ್ಪನಿಕ ದೇಶ ನಡೆಸುವ ಆನ್‌ಲೈನ್ ಆಟ, ಅದರಲ್ಲಿ ದೇಶಗಳ ಗುಂಪಿಗೆ ರೀಜನ್ ಅಂತಾರೆ. ನಮ್ಮ ರೀಜನ್‌ನ ರಕ್ಷಣಾ ಮಂತ್ರಿ ನಾನು. ಸೈನ್ಯ ಅಂದರೆ ಬರೀ 6 ಮಂದಿ.

ಶುರುವಿನಲ್ಲಿ ನನ್ನ ಮನೆಯಲ್ಲೇ ನಾಲ್ವರು ಕೂತು ಆಡಿದೆವು, ಒಂದೇ ವೈಫೈ. ಒಬ್ಬನೇ 4 ದೇಶ ಓಡಿಸುತ್ತಿರುವ ಹಾಗೆ ಕಾಣುತ್ತೆ ಅಂತ ಯಾರಿಗೂ ಹೊಳೆಯಲಿಲ್ಲ. ತಲೆಗೊಂದೇ ವರ್ಲ್ಡ್ ಅಸೆಂಬ್ಲಿ (ಡಬ್ಲ್ಯೂಎ, ಆಟದೊಳಗಿನ ವಿಶ್ವಸಂಸ್ಥೆ) ಸದಸ್ಯತ್ವ ಅಲ್ವಾ, ನಾಲ್ಕೂ ಹೊರಗೆ. ತಪ್ಪು ನಮ್ಮದೇ. ಆಮೇಲೆ ಎಲ್ಲರೂ ಅವರವರ ಮನೆ, ಅವರವರ ಸಿಮ್. ಇಬ್ಬರು ಕಾಲೇಜ್ ಹುಡುಗರ ರೀಚಾರ್ಜ್ ನನ್ನ ಜೇಬಿನಿಂದ, ಕರೆಂಟ್ ಕಾಟಕ್ಕೆ ರೂಟರ್‌ಗೊಂದು ಯುಪಿಎಸ್, ಎಲ್ಲ ಸೇರಿ 5 ಸಾವಿರದ ಹತ್ತಿರ ಹೋಗಿರಬೇಕು. ಪುಕ್ಕಟೆ ಆಟಕ್ಕೆ! "ಇದರಾಗ ರೊಕ್ಕ ಬರ್ತೈತೇನೋ ತಮ್ಮಾ?" ಅಂತ ಕಾಕಾ ಕೇಳಿದಾಗ ಸುಮ್ನೆ ನಕ್ಕೆ.

ಮೊದಲೇ ಹೋಗಿ ಕಾಯುವುದೂ ಕೆಲಸಕ್ಕೆ ಬರಲಿಲ್ಲ. ರೀಜನ್ ಕಬಳಿಸಲು ಬರುವ ರೇಡರ್‌ಗಳು ನಮ್ಮನ್ನು ನೋಡಿ ಪಕ್ಕದ ರೀಜನ್‌ಗೆ ಹಾರಿಬಿಡುತ್ತಿದ್ದರು. ಆಟ ದಿನಕ್ಕೆರಡು ಸಲ ಒಂದೊಂದೇ ರೀಜನ್‌ನ ಲೆಕ್ಕ ಹಾಕುತ್ತೆ, ಅದೇ ಅಪ್‌ಡೇಟ್; ರೀಜನ್ ಕೈ ಬದಲಾಗುವುದೂ ಆಗಲೇ. ಅದರಲ್ಲಿ ಮೇಜರ್ ಅಪ್‌ಡೇಟ್ ನಮಗೆ ಬೆಳಿಗ್ಗೆ. ಅಂಗಡಿ ಕೌಂಟರ್‌ನಲ್ಲಿ ನಿಂತು ಒಂದು ವಾರ ಅದನ್ನೂ ನೋಡಿದೆ. 2 ಮೀಟರ್ ಕೇಳಿದ ಗಿರಾಕಿಗೆ 3 ಮೀಟರ್ ಬಟ್ಟೆ ಹರಿದ ದಿನ ಬಿಟ್ಟೆ.

ಉಳಿದದ್ದು ಮೈನರ್. ಅಮೆರಿಕದ ಪೂರ್ವ ಕರಾವಳಿಯವರಿಗೆ ಅದು ನಡುಮಧ್ಯಾಹ್ನ, ಆಫೀಸ್ ಹೊತ್ತು. ನಮಗೆ ಚಳಿಗಾಲದಲ್ಲಿ ರಾತ್ರಿ 10:30, ರೊಟ್ಟಿ ಉಂಡು ಆರಾಮಾಗಿ ಕೂರುವ ಸಮಯ. ನಮ್ಮ ಗುಟ್ಟಿನ ಅರ್ಧ ಇದೇ. ಆದರೆ ಮಾರ್ಚ್‌ನಲ್ಲಿ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗಿದ್ದು ಗೊತ್ತಾಗದೆ 10:20ಕ್ಕೆ ಸಾಲಾಗಿ ಕೂತೆವು. 9:30ಕ್ಕೇ ಶುರುವಾದ ಅಪ್‌ಡೇಟ್‌ನಲ್ಲಿ ನಮ್ಮ ರೀಜನ್ ಯಾವಾಗಲೋ ಕೈ ತಪ್ಪಿತ್ತು. ಮಂತ್ರಿಗಿರಿ ಅವತ್ತೇ ಹೋಗಬೇಕಿತ್ತು, ಬೇರೆ ಯಾರಿಗೂ ಬೇಡವಾಗಿತ್ತು ಅಷ್ಟೇ.

ಮತ್ತೆ ದಾಳಿ ಬಂದದ್ದು ಸಿದ್ಧೇಶ್ವರ ಜಾತ್ರೆ ದಿನಗಳಲ್ಲಿ. ಈ ಸಲ ಹೊರಗೇ ನಿಂತಿದ್ದೆವು. ಟ್ರಿಗರ್‌ಗೆ, ಅಂದರೆ ಹಾರುವ ಹೊತ್ತು ತಿಳಿಯಲು, ನಮಗಿಂತ ತುಸು ಮೊದಲು ಅಪ್‌ಡೇಟ್ ಆಗುವ ಯಾವ ರೀಜನ್ ನೋಡುತ್ತೇವೆ ಅನ್ನೋದನ್ನ ಮಾತ್ರ ಕೇಳಬೇಡಿ. ರೀಜನ್ ಒಳಗಿನ ಡಬ್ಲ್ಯೂಎ ಸದಸ್ಯರ ಬೆಂಬಲ, ಅಂದರೆ ಎಂಡಾರ್ಸ್‌ಮೆಂಟ್, ಅಪ್‌ಡೇಟ್ ಹೊತ್ತಿಗೆ ಯಾರಿಗೆ ಹೆಚ್ಚೋ ಅವರೇ ಡೆಲಿಗೇಟ್, ರೀಜನ್ ಅವರ ಕೈಗೆ. ನಮ್ಮ ಡೆಲಿಗೇಟ್‌ಗೆ 5 ಎಂಡಾರ್ಸ್‌ಮೆಂಟ್ ಇದ್ದವು. ರೇಡರ್‌ಗಳು ಒಳಗೆ ಬಂದು ತಮ್ಮವನಿಗೆ 8 ಮಾಡಿದರು. 4 ಸೆಕೆಂಡ್ ಬಿಟ್ಟು ನಾವು ಹಾರಿದೆವು. ಐವರ ಎಂಡಾರ್ಸ್‌ಮೆಂಟ್ ಬಿತ್ತು, 10. ಆರನೆಯವನು ಡಬ್ಲ್ಯೂಎ ಸದಸ್ಯತ್ವ ಖಚಿತಪಡಿಸುವ ಮೇಲ್‌ನ ಲಿಂಕ್ ಒತ್ತುವುದನ್ನೇ ಮರೆತಿದ್ದ. ಐದರಲ್ಲಿ ಒಬ್ಬ ಜಾತ್ರೆಯಲ್ಲೇ ನಿಂತು, ಒಂದು ಕೈಯಲ್ಲಿ ಚುರಮುರಿ ಪೊಟ್ಟಣ ಹಿಡಿದು, ಇನ್ನೊಂದರಲ್ಲಿ ಮೊಬೈಲ್ ಒತ್ತಿದ್ದ. "ಅಣ್ಣಾ, ಉಳೀತಾ?" ಅಂತ ಅವನ ಫೋನ್ ಬಂದಾಗ ಹಿಂದೆ ಮದ್ದು ಸುಡುವ ಸದ್ದು. ನಾನು ಉಳೀತು ಅಂದಿದ್ದು ಅವನಿಗೆ ಕೇಳಿಸಲೇ ಇಲ್ಲ.